ಕೆಂಪು ಗೆರೆ ಉಳಿಯಬೇಕು

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಹೊರಬಂದ ಹಳೆಯ ಕಡತವನ್ನು ಬಿಚ್ಚಿ ನೋಡಿ. ಶಾನುಭೋಗರ ಕಾಲದ ಶಾಯಿ ಕಂದು ತಿರುಗಿರುತ್ತದೆ. ಮೊಹರು ನೇರಳೆ, ಹೆಬ್ಬೆಟ್ಟು ನೀಲಿ, ತಿದ್ದುಪಡಿ ಕೆಂಪು, ಮೇಲಧಿಕಾರಿಯ ಸಹಿ ಹಸಿರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಯ ಕಟ್ಟು ಬಿಚ್ಚಿದರೂ ಇಂಥ ಹಾಳೆಗಳು ಸಿಗುತ್ತವೆ. 2024ರಲ್ಲಿ ಕಂದಾಯ ಇಲಾಖೆ ‘ಭೂ ಸುರಕ್ಷಾ’ ಯೋಜನೆಯಡಿ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸಕ್ಕೆ ಕೈಹಾಕಿತು. ಗೆದ್ದಲು, ತೇವಗಳಿಂದ ದಾಖಲೆ ಉಳಿಸುವ ಈ ಕೆಲಸ ಬಹಳ ಹಿಂದೆಯೇ ಆಗಬೇಕಿತ್ತು. ಆದ್ದರಿಂದಲೇ ಸ್ಕ್ಯಾನರಿನ ಒಂದು ಸಣ್ಣ ಸೆಟ್ಟಿಂಗನ್ನು ಇಲ್ಲಿ ಪರೀಕ್ಷಿಸಬೇಕಾಗಿದೆ. ಅದರ ಹೆಸರು ಡ್ರಾಪ್‌ಔಟ್ ಕಲರ್, ಅಂದರೆ ಆರಿಸಿದ ಬಣ್ಣವನ್ನು ಹಾಳೆಯಿಂದ ತೆಗೆದುಬಿಡುವುದು.

ಇದರ ತತ್ವ ಸರಳ. ಕೆಂಪು ಬೆಳಕಿನಲ್ಲಿ ಬಿಳಿ ಹಾಳೆಯೂ ಕೆಂಪು ಶಾಯಿಯೂ ಒಂದೇ ರೀತಿ ಹೊಳೆಯುತ್ತವೆ. ಯಂತ್ರಕ್ಕೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ಕೆಂಪು ಬಿಳಿಯಲ್ಲಿ ಕರಗಿಹೋಗುತ್ತದೆ. ಕಪ್ಪು-ಬಿಳುಪು ಅಥವಾ ಬೂದು ಬಣ್ಣದ ಸ್ಕ್ಯಾನಿನಲ್ಲಿ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಹೀಗೆ ಬಿಡಿಸಬಹುದು. ಪರೀಕ್ಷೆಯ ಒಎಂಆರ್ ಹಾಳೆಗೆ ಇದು ಹೇಳಿ ಮಾಡಿಸಿದ ಉಪಾಯ. ಅಚ್ಚಾದ ಗುಲಾಬಿ ಗೆರೆ ಮಾಯವಾಗಿ ವಿದ್ಯಾರ್ಥಿ ತುಂಬಿದ ಗುರುತು ಮಾತ್ರ ಉಳಿಯುತ್ತದೆ. ನೇರಳೆ ಮೊಹರಿನಡಿ ಸಿಕ್ಕಿಕೊಂಡ ಕಪ್ಪು ಸಹಿಯನ್ನು ಓದಲು ನೀಲಿ ಬಿಡಿಸಿದರೆ ಎಷ್ಟೋ ಸಲ ಅನುಕೂಲವಾಗುತ್ತದೆ. ಈ ಮಟ್ಟಿಗೆ ಇದು ಒಳ್ಳೆಯ ಸಲಕರಣೆ.

ಆದರೆ ಒಎಂಆರ್ ಹಾಳೆಯಲ್ಲಿ ಬಣ್ಣ ಬರೀ ಚೌಕಟ್ಟು. ಭೂದಾಖಲೆಯಲ್ಲಿ ಬಣ್ಣವೇ ಸಾಕ್ಷಿ. ರದ್ದಾದ ನಮೂದಿನ ಮೇಲೆ ಎಳೆದ ಕೆಂಪು ಗೆರೆ ಸ್ಕ್ಯಾನಿನಲ್ಲಿ ಅಳಿಸಿಹೋಯಿತೆನ್ನಿ. ಸತ್ತ ನಮೂದು ಮತ್ತೆ ಜೀವ ಪಡೆಯುತ್ತದೆ. ನಕ್ಷೆಯಲ್ಲಿ ಕೆಂಪು ಶಾಯಿಯಿಂದ ಹಿಸ್ಸೆಯ ಗೆರೆ ಎಳೆದಿದ್ದರೆ, ಅಣ್ಣತಮ್ಮಂದಿರ ಎರಡು ಹೊಲ ಒಂದಾಗಿ ಕಾಣುತ್ತದೆ. ಗೊರೂರಿನ ಹೇಮಾವತಿ ಅಣೆಕಟ್ಟಿನ ಮುಳುಗಡೆಯಲ್ಲಿ ನೆಲ ಕಳೆದುಕೊಂಡ ಕುಟುಂಬಗಳಿಗೆ ಮಂಜೂರಾತಿಯ ಹಳೆಯ ಹಾಳೆಯೇ ಆಧಾರ. ಅಲ್ಲಿ ಒಂದು ಷರಾ ಮರೆಯಾದರೂ ಬೆಲೆ ತೆರುವವರು ಅವರೇ.

ಇನ್ನೊಂದು ದೋಷ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹಳದಿಯಾದ ಕಾಗದ ಬೆಳ್ಳಗೆ ಕಾಣಲೆಂದು ಕೆಂಪು ಬಿಡಿಸಿದರೆ ಕಂದು ತಿರುಗಿದ ಶಾಯಿಯೂ ತೆಳುವಾಗುತ್ತದೆ, ಏಕೆಂದರೆ ಕಂದಿನಲ್ಲಿ ಕೆಂಪು ಬೆರೆತಿದೆ. ಹಾಳೆ ಶುಭ್ರವಾಗುತ್ತದೆ, ಅಕ್ಷರ ಸೊರಗುತ್ತದೆ. ಸೊಗಸಾಗಿ ಕಾಣುವ ಪ್ರತಿಯೇ ಹೆಚ್ಚು ಕಳೆದುಕೊಂಡ ಪ್ರತಿಯಾಗಿರಬಹುದು.

ಕಪ್ಪು-ಬಿಳುಪಿನ ಕಡೆ ಕೈಹೋಗಲು ಕಾರಣವಿಲ್ಲದಿಲ್ಲ. 300 ಡಿಪಿಐನಲ್ಲಿ ಎ4 ಹಾಳೆಯೊಂದು ಬಣ್ಣದಲ್ಲಿ, ಕುಗ್ಗಿಸುವ ಮೊದಲು, ಸುಮಾರು 26 ಎಂಬಿ ಆಗುತ್ತದೆ. ಕಪ್ಪು-ಬಿಳುಪಿನಲ್ಲಿ 1 ಎಂಬಿಗಿಂತ ತುಸು ಹೆಚ್ಚು, ಅಷ್ಟೆ. ಲಕ್ಷಗಟ್ಟಲೆ ಹಾಳೆಗಳಿರುವಲ್ಲಿ 24 ಪಟ್ಟು ಅಂತರ ಸಣ್ಣದಲ್ಲ. ಆದರೂ ಜಾಗ ಮತ್ತೆ ಕೊಳ್ಳಬಹುದು, ಪುಡಿಯಾದ ಹಾಳೆಯನ್ನು ಮತ್ತೆ ಸ್ಕ್ಯಾನ್ ಮಾಡಲಾಗದು. ಬಣ್ಣದ ಪ್ರತಿಯಿಂದ ಯಾವ ಬಣ್ಣವನ್ನಾದರೂ ಆಮೇಲೆ ಬಿಡಿಸಿಕೊಳ್ಳಬಹುದು, ಬಿಟ್ಟುಹೋದ ಬಣ್ಣವನ್ನು ಯಾವ ತಂತ್ರಾಂಶವೂ ಮರಳಿ ತರದು.

ಹಾಗಾಗಿ ನನ್ನ ತೀರ್ಮಾನ ಇಷ್ಟು: ನಮೂನೆಗಳ ಎಣಿಕೆಗೆ ಈ ಸೆಟ್ಟಿಂಗ್ ಯೋಗ್ಯ, ದಾಖಲೆಯ ಮೂಲ ಪ್ರತಿಗೆ ಸಲ್ಲದು. ಮೊದಲು ಪೂರ್ಣ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕಾಪಾಡಲಿ, ಓದಲು ಬೇಕಾದ ಪ್ರತಿಯನ್ನು ಅದರಿಂದಲೇ ತೆಗೆಯಲಿ. ಕಟ್ಟು ಬದಲಾದಾಗಲೆಲ್ಲ ಆಪರೇಟರುಗಳು ಡ್ರಾಪ್‌ಔಟ್ ಆಫ್ ಇದೆಯೇ ಎಂದು ನೋಡಿಕೊಳ್ಳಲಿ. ಪ್ರತಿ ಪಡೆಯುವ ರೈತ ಬಂಧುಗಳಲ್ಲೂ ಒಂದು ವಿನಂತಿ: ಸಾಧ್ಯವಾದಾಗ ಮೂಲ ಹಾಳೆಯ ಪಕ್ಕದಲ್ಲಿಟ್ಟು, ಕೆಂಪು ಗೆರೆ ಉಳಿದಿದೆಯೇ ಎಂದು ನೋಡಿಯೇ ಪ್ರತಿಯನ್ನು ತೆಗೆದುಕೊಳ್ಳಿ.