ಗೇರ್ ಎಣ್ಣೆಯ ಹದ ಕಾಯುವ ಪುಟ್ಟ ಪೆಟ್ಟಿಗೆ

ಅನೇಕ ಆಟೊಮ್ಯಾಟಿಕ್ ಕಾರುಗಳ ಗೇರ್‌ಬಾಕ್ಸಿಗೆ ಅಂಟಿಕೊಂಡಂತೆ ಪುಟ್ಟದೊಂದು ಅಲ್ಯೂಮಿನಿಯಂ ಪೆಟ್ಟಿಗೆ ಇರುತ್ತದೆ. ಒಳಗಿನ ತೆಳು ತಗಡುಗಳ ಒಂದು ಬದಿಗೆ ಗೇರ್ ಎಣ್ಣೆ, ಇನ್ನೊಂದು ಬದಿಗೆ ಎಂಜಿನ್ನಿನ ಕೂಲೆಂಟ್. ಎರಡೂ ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಕಾರಿನಲ್ಲಿ ಇದಕ್ಕಿಂತ ಜಾಣ ಭಾಗವನ್ನು ನಾನು ಕಂಡಿಲ್ಲ.

ಕೆನಡಾದ ಹಿಮದ ಮುಂಜಾನೆಯಲ್ಲಿ ಎಣ್ಣೆ ಮಂದವಾಗಿ ಗೇರ್ ತಡವರಿಸುತ್ತದೆ. ಕೂಲೆಂಟ್ ಬೇಗ ಕಾಯುವುದರಿಂದ ಪೆಟ್ಟಿಗೆ ಎಣ್ಣೆಯನ್ನು ಬೆಚ್ಚಗಾಗಿಸುತ್ತದೆ. ನಮ್ಮ ದಕ್ಷಿಣ ಕನ್ನಡದ ಬಂಟ್ವಾಳ, ಮೂಡುಬಿದಿರೆಗಳ ಚಳಿಗೆ ಆ ಕೆಲಸ ಕಡಿಮೆ. ಇಲ್ಲಿನ ಪರೀಕ್ಷೆ ಚಾರ್ಮಾಡಿ ಘಾಟಿ. ಬೆಳ್ತಂಗಡಿ, ಉಜಿರೆ ದಾಟಿದ ರಾಷ್ಟ್ರೀಯ ಹೆದ್ದಾರಿ 73 ತಿರುವು ತಿರುವಾಗಿ ಏರುತ್ತದೆ. ಮುಂದಿನ ವಾಹನದ ಹಿಂದೆ ತೆವಳುವಾಗ, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನೊಳಗೆ ಕಡೆದು ಕಡೆದು ಎಣ್ಣೆ ಕಾಯುತ್ತದೆ. ಡಿಸೆಂಬರಿನ ಮಂಜಿನಲ್ಲೂ ಅಷ್ಟೇ. ಆಗ ಅದೇ ಪೆಟ್ಟಿಗೆ ಕೆಲಸವನ್ನು ತಿರುಗಿಸಿ, ಹೆಚ್ಚಿನ ಶಾಖವನ್ನು ಕೂಲೆಂಟಿಗೆ ಕೊಟ್ಟು ಎಣ್ಣೆಯನ್ನು ಸುಮಾರು 80–90 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತರಲು ದುಡಿಯುತ್ತದೆ. ಚಾಲಕನಿಗೆ ಇದಾವುದೂ ತಿಳಿಯುವುದೇ ಇಲ್ಲ!

ಘಾಟಿ ಏರುವಾಗ ಕೆಳಗಿನ ಗೇರಿನಲ್ಲೇ ಇರಿ, ಪೆಟ್ಟಿಗೆಯ ಹೊರೆ ಇಳಿಯುತ್ತದೆ. ಸರ್ವಿಸಿನಲ್ಲಿ ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ತಗಡು ತೂತಾಗಿ ಕೂಲೆಂಟ್ ಸೇರಿರಬಹುದು; ಗಾಡಿ ಓಡಿಸದೆ ಮೊದಲು ಪೆಟ್ಟಿಗೆಯನ್ನೂ ಎಣ್ಣೆಯನ್ನೂ ಬದಲಿಸಿ.