ಸಾಕವ್ವನ ಮುಖ, ಮಂತ್ರಿಯ ಕುರ್ಚಿ

ಶೇಡಬಾಳದಿಂದ ಉಗಾರಕ್ಕೆ ಬಂದು, ಕೃಷ್ಣೆ ದಾಟಿ, ಕುಡಚಿ, ಹಾರೂಗೇರಿ ಹಾಯ್ದು ಹೋದರೆ ತೇರದಾಳ. ನೇಕಾರರ ಸೀಮೆ. ತುಮಕೂರು ಜಿಲ್ಲೆಯ ನೊಣವಿನಕೆರೆಯ ಹೆಣ್ಣುಮಗಳು ಉಮಾಶ್ರೀ 2008ರಲ್ಲಿ ಇಲ್ಲಿ ಓಟಿಗೆ ನಿಂತು ಸೋತರು. 2013ರಲ್ಲಿ ಗೆದ್ದು ಮಂತ್ರಿಯಾದರು. ನಟಿ ಮಂತ್ರಿಯಾದದ್ದು ದೊಡ್ಡ ಸುದ್ದಿಯಲ್ಲ. ಯಾವ ಮುಖ ಹೊತ್ತು ಆದರು ಅನ್ನೋದೇ ಪ್ರಶ್ನೆ.

ಅಮೆರಿಕದ ಶರ್ಲಿ ಟೆಂಪಲ್ ನೋಡಿರಿ. 1935ರ ಸಿನಿಮಾದಾಗ ಕಪ್ಪು ಜನಾಂಗದ ಆಳಿನ ಜೋಡಿ ಮೆಟ್ಟಿಲ ಮ್ಯಾಲೆ ಕುಣಿದ, ಒಡೆಯರ ಮನೆಯ ಕೂಸು. 1974ರಲ್ಲಿ ಆಕೆ ಆಫ್ರಿಕದ ಘಾನಾಕ್ಕೆ ರಾಯಭಾರಿಯಾದರು. ಒಡೆಯರು ಮುದ್ದು ಮಾಡುವ ಮುಖ ಅದು. ಉಮಾಶ್ರೀಯದು ಅಂಥಾದ್ದಲ್ಲ. ದೇವನೂರ ಮಹಾದೇವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವ ಆದವರು ಇವರು. ಕಳೆದುಹೋದ ಒಂದು ಹುಂಜಕ್ಕಾಗಿ ಊರೆಲ್ಲ ಹುಡುಕುವ ಮುದುಕಿ. ಕದ್ದು ತಂದ ಶೇಂಗಾವನ್ನು ಇರುಳೆಲ್ಲ ಬೆಂಕಿ ಸುತ್ತ ಕೂತು ತಿನ್ನುವ ಹಸಿದ ಮನೆಯ ಯಜಮಾನಿ. ಹೊಲಗೇರಿಯ ಮುದುಕಿ ರಂಗದ ಮೂಲೆಯಲ್ಲಲ್ಲ, ನಟ್ಟನಡುವೆ ನಿಂತಳು.

ನಮ್ಮ ವಿಮರ್ಶಕರು ಸಾಕವ್ವನನ್ನು ಹೊಗಳಿ, ಅಲ್ಲಿಂದ ಒಮ್ಮೆಲೇ 2008ರ 'ಗುಲಾಬಿ ಟಾಕೀಸ್'ಗೆ, ರಾಷ್ಟ್ರಪ್ರಶಸ್ತಿಗೆ ಜಿಗೀತಾರ. ನಡುವಿನ ನೂರಾರು ಸಿನಿಮಾ ಎಲ್ಲಿ ಹೋದವು? 1984ರ ಕಾಶೀನಾಥರ 'ಅನುಭವ'ದಿಂದ ಹಿಡಿದು ಎರಡರ್ಥದ ಮಾತಾಡಿ ಜನರನ್ನು ನಗಿಸಿದ ಪಾತ್ರಗಳು? ಅವನ್ನು ಹೇಳಲು ಇವರಿಗೆ ನಾಚಿಕೆ. ಕೆಲಸದಾಕೆ, ಜಗಳಗಂಟಿ, ಬಜಾರಿ: ದುಡಿಯುವ ಹೆಂಗಸಿನ ಬಾಯಿ ಸಿನಿಮಾದವರಿಗೆ ನಗೆಯ ಸರಕು. ಆ ಮಾತು ಬರೆದವರು ಯಾರು, ನಕ್ಕವರು ಯಾರು? ನಾವೂ ಟೀವಿ ಮುಂದೆ ಕೂತು ನಕ್ಕವರೇ. ಹೊಟ್ಟೆಪಾಡಿಗೆ ಆಡಿದವಳಿಗೆ ಮಾತ್ರ ಮೈಲಿಗೆ!

ಸರ್ಕಾರವೂ ಕಡಿಮೆಯಿಲ್ಲ. 2013ರ ಅದೇ ಸಂಪುಟದಾಗ ನಾಯಕನಟ ಅಂಬರೀಶರಿಗೆ ವಸತಿ ಖಾತೆ. ಉಮಾಶ್ರೀಗೆ ಮಹಿಳೆ-ಮಕ್ಕಳು, ಕನ್ನಡ-ಸಂಸ್ಕೃತಿ. 2018ರಲ್ಲಿ ಇವರು ಸೋತರು. ಮುಂದಿನ ಸರ್ಕಾರ ಅವೇ ಎರಡು ಖಾತೆಗಳನ್ನು ಇನ್ನೊಬ್ಬ ನಟಿ ಜಯಮಾಲಾ ಅವರಿಗೆ ಕೊಟ್ಟಿತು. ನಟಿಯರಿಗೆಂದೇ ಕಟ್ಟಿಟ್ಟ ಬುತ್ತಿ.

ಆದರೂ ಆ ಖಾತೆ ಸಣ್ಣದಲ್ಲ, ನಮ್ಮ ಸೀಮೆಗಂತೂ ಅಲ್ಲ. ದೇವದಾಸಿಯರ ಪಾಡು ಅದರೊಳಗೇ ಇದೆ. 1982ರ ಕಾಯ್ದೆ ಮುತ್ತು ಕಟ್ಟೋದನ್ನ ಅಪರಾಧ ಅಂದಿತು. 1993-94 ಮತ್ತು 2007-08ರ ಸಮೀಕ್ಷೆಗಳು ಸೇರಿ 46,660 ಹೆಣ್ಣುಮಕ್ಕಳನ್ನು ಲೆಕ್ಕ ಹಿಡಿದವು. ಪಟ್ಟಿಯಲ್ಲಿ ಹೆಸರಿದ್ದರೆ ಮಾಸಾಶನ, ಇಲ್ಲದಿದ್ದರೆ ಇಲ್ಲ. ಲೆಕ್ಕದ ಹೊತ್ತಿಗೆ ಹೆದರಿ ಮುಚ್ಚಿಟ್ಟವರು, ಗುಳೆ ಹೋದವರು ಏನು ಮಾಡಬೇಕು? ಸಾಕವ್ವನ ಒಡಲು ಬಲ್ಲ ಮಂತ್ರಿ ಇದ್ದ ಆ ಐದು ವರ್ಷವೂ ಅದೇ ಹಳೇ ಪಟ್ಟಿ ನಡೀತು. ಉಮಾಶ್ರೀ ಅವರ ಮ್ಯಾಲೆ ನನ್ನ ತಕರಾರು ಇದು. ಎರಡರ್ಥದ ಮಾತಿನದಲ್ಲ.

2023ರಲ್ಲಿ ತೇರದಾಳದ ಟಿಕೆಟು ಬೇರೆಯವರಿಗೆ ಹೋಯಿತು. ಉಮಾಶ್ರೀ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅಲ್ಲಿ ನೇಕಾರರ ಓಣಿಗೆ ಬಂದು ಓಟು ಕೇಳುವ ಗೋಜಿಲ್ಲ.