ಏಳನೆಯ ಕಾಲು

ಸೋಣ ತಿಂಗಳ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾನು ತೆಗೆದ ಚಿತ್ರಗಳ ಕಟ್ಟೊಂದನ್ನು ಹಿಡಿದುಕೊಂಡು ಬಜಪೆಯ ನಮ್ಮ ಮನೆಗೆ ಬಂದ. ತರಗತಿಯಲ್ಲಿ ನನ್ನ ಪಾಠಕ್ಕಿಂತ ಕಿಟಕಿಯ ಹೊರಗಿನ ಓತಿಕ್ಯಾತವನ್ನೇ ಹೆಚ್ಚು ಗಮನಿಸುತ್ತಿದ್ದ ಹುಡುಗ. ಈಗ ಬೆಂಗಳೂರಿನಲ್ಲಿ ನೌಕರಿ. "ಟೀಚರ್, ಪ್ರದರ್ಶನಕ್ಕೆ ಇಡಬೇಕೆಂದಿದ್ದೇನೆ. ನೀವು ನೋಡಿ ನಾಲ್ಕು ಮಾತು ಬರೆದುಕೊಡಬೇಕು" ಎಂದ. ಛಾಯಾಚಿತ್ರದ ಬಗ್ಗೆ ಬರೆಯಲು ನನಗೇನು ಯೋಗ್ಯತೆ ಎಂದೆ. ಅವನು ಕೇಳಲಿಲ್ಲ. ಉತ್ತರಪತ್ರಿಕೆ ತಿದ್ದಿ ತಿದ್ದಿ ನನಗೊಂದು ಅಭ್ಯಾಸವಾಗಿದೆ: ತಪ್ಪೇ ಇಲ್ಲದ ಉತ್ತರವನ್ನು ಎರಡನೆಯ ಸಲ ಓದುವುದು. ಆ ಅಭ್ಯಾಸದ ಬಲದಿಂದಲೇ ಈ ಮಾತುಗಳು.

ಕಟ್ಟಿನಲ್ಲಿ ಎರಡು ಬಗೆಯ ಚಿತ್ರಗಳಿದ್ದವು. ಮೊದಲನೆಯವು ಎರಡು ಕಣ್ಣಿನ ಹಳೆಯ ಯಾಶಿಕಾ ಕ್ಯಾಮೆರಾದಲ್ಲಿ ತೆಗೆದ ಕಪ್ಪು-ಬಿಳುಪು ಚೌಕಗಳು. ಅದಕ್ಕೆ ಬೇಕಾದ 120 ಫಿಲ್ಮನ್ನು ಕೊಡಕ್ ಕಂಪೆನಿ 1901ರಲ್ಲೇ ಹೊರತಂದಿತ್ತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಈ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುವಂತಿಲ್ಲ. ಹೊಟ್ಟೆಯ ಹತ್ತಿರ ಹಿಡಿದು ತಲೆತಗ್ಗಿಸಿ ಮೇಲಿನಿಂದ ಗಾಜಿನೊಳಗೆ ನೋಡಬೇಕು. ಸಾಮಾನ್ಯ 35 ಮಿ.ಮೀ. ಫಿಲ್ಮಿಗೆ 50 ಮಿ.ಮೀ. ಮಸೂರ ಸಾಕಾದರೆ, ಈ ದೊಡ್ಡ ಚೌಕಕ್ಕೆ 80 ಮಿ.ಮೀ. ಬೇಕು. ಮಸೂರ ಉದ್ದವಾದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆ. ಕಣ್ಣು ಸ್ಪಷ್ಟವಾದರೆ ಕಿವಿ ಮಸುಕಾಗುತ್ತದೆ. ಏನನ್ನು ಬಿಡಬೇಕು ಎಂದು ತೆಗೆಯುವವನು ಮೊದಲೇ ತೀರ್ಮಾನಿಸಬೇಕು.

ಅವುಗಳಲ್ಲೊಂದು ಚಿತ್ರ ನಮ್ಮ ಪೇಟೆಯ ಮುದಿ ದರ್ಜಿಯದು. ಸೂಜಿಯ ಕಣ್ಣಿಗೆ ನೂಲು ಪೋಣಿಸುತ್ತಿದ್ದಾರೆ. ಸೂಜಿ ಸ್ಪಷ್ಟವಾಗಿದೆ, ಮುಖ ಅರ್ಧ ಮಸುಕು. ಮುಖವೇ ಸ್ಪಷ್ಟವಾಗಬೇಕಿತ್ತಲ್ಲವೇ ಎಂದು ಮೊದಲು ನನಗನಿಸಿತು. ಆಮೇಲೆ ಹೊಳೆಯಿತು, ಆ ಹೊತ್ತಿನಲ್ಲಿ ಅವರಿಗೆ ಲೋಕದಲ್ಲಿ ಸ್ಪಷ್ಟವಾಗಿದ್ದದ್ದು ಸೂಜಿಯೊಂದೇ. ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳ ಬಲವೂ ಇಂಥ ಆಯ್ಕೆಯಲ್ಲೇ ಇದೆ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರು ತೋರಿಸಿದ್ದು ಸಾಮಾನ್ಯ ಜನರನ್ನು. ಅವರಿಗೆ ಗೊತ್ತಿದ್ದದ್ದು ಎಲ್ಲಿ ನೋಡಬೇಕೆಂಬುದು.

ಎರಡನೆಯ ಬಗೆಯ ಚಿತ್ರಗಳು ಡಿಜಿಟಲ್. ನಮ್ಮ ಕಡೆಯ ಮುರಕಲ್ಲಿನ ಪದವುಗಳನ್ನು ಬೇಸಿಗೆಯಲ್ಲಿ ಕಂಡವರು ಬಂಜರು ಎನ್ನುತ್ತಾರೆ. ವಿಮಾನ ನಿಲ್ದಾಣ ಇರುವುದೂ ಅಂಥ ಗುಡ್ಡದ ತಲೆಯ ಮೇಲೆಯೇ. ಮಳೆ ಹಿಡಿದ ಮೇಲೆ ಅದೇ ಕಲ್ಲಿನ ಮೇಲೆ ಡ್ರೊಸೆರಾ ಎಂಬ ಪುಟ್ಟ ಗಿಡ ಏಳುತ್ತದೆ. ಮಣ್ಣಿನಲ್ಲಿ ಸಾರಜನಕ ಸಾಲದ್ದರಿಂದ ಅದು ಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತದೆ. ಎಲೆಯ ಕೂದಲೊಂದೊಂದರ ತುದಿಗೂ ಅಂಟಿನ ಒಂದು ಹನಿ. ಇಷ್ಟು ಚಿಕ್ಕದನ್ನು ಹತ್ತಿರದಿಂದ ತೆಗೆದರೆ ಒಂದು ಹನಿ ಸ್ಪಷ್ಟವಾಗಿ ಉಳಿದವೆಲ್ಲ ಮಂಜಾಗುತ್ತವೆ. ಮಸೂರದ ಕಿಂಡಿಯನ್ನು ತೀರ ಕಿರಿದು ಮಾಡಿದರೆ ಬೆಳಕು ಅಂಚಿನಲ್ಲಿ ಬಾಗಿ ಇಡೀ ಚಿತ್ರವೇ ಮಂಕಾಗುತ್ತದೆ. ಅದಕ್ಕಾಗಿ ಫೋಕಸ್ ಸ್ಟ್ಯಾಕಿಂಗ್. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಿ, ಫೋಕಸನ್ನು ಕೂದಲೆಳೆಯಷ್ಟು ಮುಂದೊತ್ತುತ್ತಾ ಇಪ್ಪತ್ತು, ನಲವತ್ತು ಚಿತ್ರ ತೆಗೆಯುವುದು. ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಮುಂತಾದ ತಂತ್ರಾಂಶಗಳು ಒಂದೊಂದರಿಂದಲೂ ಸ್ಪಷ್ಟವಾದ ಭಾಗವನ್ನಷ್ಟೇ ಆರಿಸಿ ಒಂದೇ ಚಿತ್ರವಾಗಿ ಹೊಲಿಯುತ್ತವೆ.

ಫಲ ಅದ್ಭುತ. ನಾನು ಐವತ್ತು ವರ್ಷ ತುಳಿದಾಡಿದ ಕಲ್ಲಿನ ಮೇಲೆ ಇಂಥದೊಂದು ದೀಪಾವಳಿ ನಡೆಯುತ್ತಿತ್ತೆಂದು ನನಗೇ ತಿಳಿದಿರಲಿಲ್ಲ. ಇಂಥ ಗಿಡದ ವಿಷಯದಲ್ಲಿ ಈ ತಂತ್ರವನ್ನು ಮೋಸವೆನ್ನುವುದು ತಪ್ಪು. ಭೂತಕನ್ನಡಿ ಹಿಡಿದವನೂ ಒಂದೊಂದೇ ಹನಿಯನ್ನು ನೋಡಿ ಮನಸ್ಸಿನಲ್ಲಿ ಕೂಡಿಸಿಕೊಳ್ಳುವುದಲ್ಲವೇ?

ಆದರೆ ಕೊನೆಯ ಚಿತ್ರವನ್ನು ಎರಡನೆಯ ಸಲ ನೋಡಿದೆ. ಅಂಟಿಗೆ ಸಿಕ್ಕಿದ ಒಂದು ನೊಣ. ಕಾಲುಗಳನ್ನು ಎಣಿಸಿದೆ. ಏಳು!

"ಏನು ಮಾರಾಯ, ನೊಣಕ್ಕೆ ಏಳು ಕಾಲೇ?"

ಅವನು ನಾಚಿ ನಕ್ಕ. "ಅದು ಜೀವಂತ ಇತ್ತು ಟೀಚರ್. ನಲವತ್ತು ಫ್ರೇಮ್ ಮುಗಿಯುವುದರೊಳಗೆ ಕಾಲು ಆಡಿಸಿತು. ಒಂದೇ ಕಾಲು ಎರಡು ಕಡೆ ಬಿದ್ದಿದೆ. ಅಳಿಸಿಬಿಡುತ್ತೇನೆ, ಎರಡು ನಿಮಿಷದ ಕೆಲಸ."

ಪಿ.ಎಸ್.ಎ., ಎಫ್.ಐ.ಎ.ಪಿ. ಮೊದಲಾದ ಸಂಸ್ಥೆಗಳು ಪ್ರಕೃತಿ ಚಿತ್ರಕ್ಕೆ ಒಪ್ಪಿಕೊಂಡ ನಿಯಮದಲ್ಲಿ ಸ್ಟ್ಯಾಕಿಂಗಿಗೆ ಅನುಮತಿಯಿದೆ. ಚಿತ್ರದಲ್ಲಿರುವುದನ್ನು ಸೇರಿಸುವುದಕ್ಕೂ ತೆಗೆಯುವುದಕ್ಕೂ ಇಲ್ಲ. ಇದನ್ನು ನನಗೆ ಹೇಳಿದವನೂ ಅವನೇ. "ಆದರೆ ಇದು ಇಲ್ಲದ ಕಾಲು ತಾನೇ?" ಎಂದು ಅವನ ವಾದ. ತರ್ಕ ಸರಿ. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಕಾರಣ ಹೇಳಲು ಒಳಗೆ ಹೋಗಿ ಟ್ರಂಕಿನಿಂದ ಅಮ್ಮನ ಫೋಟೋ ತಂದೆ.

1984ರಲ್ಲಿ ನೆರೆಮನೆಯ ಮದುವೆಗೆ ಬಂದ ಸ್ಟುಡಿಯೋದವರು ರೋಲಿನಲ್ಲಿ ಉಳಿದ ಒಂದು ಚಿತ್ರವನ್ನು ನಮ್ಮ ಜಗಲಿಯಲ್ಲಿ ತೆಗೆದರು. ಅಮ್ಮ ಬೀಡಿ ಕಟ್ಟುತ್ತಿದ್ದರು. ಅಲ್ಲಾಡಬೇಡಿ ಅಕ್ಕ ಎಂದರೆ ಮುಖ ಎತ್ತಿದರು. ಕೈ ಮಾತ್ರ ನಿಲ್ಲಲಿಲ್ಲ. ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಕೈ ಫೋಕಸಿನಿಂದ ಮುಂದಿತ್ತು, ಆಡುತ್ತಲೂ ಇತ್ತು, ಮಸುಕಾಯಿತು. ಅಮ್ಮನದೆಂದು ನಮಗಿರುವುದು ಅದೊಂದೇ ಚಿತ್ರ. ಅವರು ತೀರಿಕೊಂಡ ಮೇಲೆ ದೊಡ್ಡದು ಮಾಡಿಸಲು ಒಂದು ಕಡೆ ಕೊಟ್ಟೆವು. ಕೇಳದೆಯೇ ಕೈಯನ್ನು ಸರಿಮಾಡಿ ಕೊಟ್ಟರು. ಐದು ಬೆರಳು, ನಯವಾದ ಉಗುರು, ಬೀಡಿ ಎಲೆಯನ್ನೇ ಮುಟ್ಟದ ಕೈ. ಅಣ್ಣನಿಗೆ ಬಹಳ ಹಿಡಿಸಿತು. ಅವನ ಮನೆಯ ಗೋಡೆಯಲ್ಲಿ ಈಗಲೂ ಅದೇ ಇದೆ. ನಾನು ಆ ಕೈಯನ್ನು ನೋಡಲಾರೆ. ಸಣ್ಣ ಚೌಕದ ಮಸುಕಿನಲ್ಲಿರುವುದೇ ನನ್ನ ಅಮ್ಮನ ಕೈ.

ಹುಡುಗ ಬಹಳ ಹೊತ್ತು ಆ ಚೌಕವನ್ನು ನೋಡಿದ. ಆಮೇಲೆ, "ಆದರೆ ಟೀಚರ್, ಇದು ಮಸುಕು, ನನ್ನದು ಯಂತ್ರದ ತಪ್ಪು. ಎರಡೂ ಒಂದೇ ಅಲ್ಲ" ಎಂದ. ಅದೂ ನಿಜವೇ. ಮಸುಕು ಅಮ್ಮನ ಕೈ ಮಾಡಿದ್ದು. ಏಳನೆಯ ಕಾಲು ತಂತ್ರಾಂಶ ಮಾಡಿದ್ದು. ಆದರೆ ಅದನ್ನು ಅಳಿಸಿದಾಗ ನೊಣ ಒದ್ದಾಡಿದ್ದಕ್ಕೆ ಉಳಿದಿದ್ದ ಒಂದೇ ಸಾಕ್ಷಿಯೂ ಹೋಗುತ್ತದೆ. ಸಾಯುತ್ತಿರುವ ಜೀವವೊಂದು ಹರಳಿನಲ್ಲಿ ಕೂರಿಸಿದ ಒಡವೆಯ ಹಾಗೆ ಕಾಣುತ್ತದೆ. ನೋಡುವವನು ಚಂದ ಎಂದು ಮುಂದೆ ಹೋಗುತ್ತಾನೆ.

ಹಾಗಾಗಿ ನನ್ನ ಅಭಿಪ್ರಾಯವನ್ನು ಹೀಗೆ ಬರೆದುಕೊಟ್ಟಿದ್ದೇನೆ: ಗಿಡದ ಚಿತ್ರಗಳು ಉತ್ತಮ, ಶಾಲೆ ಶಾಲೆಗೆ ಕೊಂಡೊಯ್ದು ತೋರಿಸತಕ್ಕವು. ದರ್ಜಿಯ ಚಿತ್ರ ಎಲ್ಲಕ್ಕಿಂತ ಮೇಲು. ನೊಣದ್ದನ್ನು ಏಳು ಕಾಲಿನೊಡನೆ, ಅದು ಹೇಗಾಯಿತೆಂಬ ಒಂದು ಸಾಲಿನೊಡನೆ ಇಡಬೇಕು. ಇಲ್ಲವೇ ನಲವತ್ತರಲ್ಲಿ ಒಂದೇ ಫ್ರೇಮನ್ನು, ಮಸುಕಿದ್ದರೂ ಸರಿ, ಇಡಬೇಕು. ಇವೆರಡೂ ಆಗದಿದ್ದರೆ ನನ್ನ ಮಾತುಗಳನ್ನು ಅಚ್ಚು ಹಾಕುವುದು ಬೇಡ.

ಅವನಿಂದ ಇನ್ನೂ ಉತ್ತರ ಬಂದಿಲ್ಲ.